ಅತ್ತೆಯ ಆಮೆನ್

ದಂಡಿನ ಗೋರಾ ಸೋಲ್ಜರನ ಬಾಯಿಂದ ಅಚ್ಚ ಕನ್ನಡ ಹೊರಡಿಸಬಹುದಿತ್ತು, ನಮ್ಮ ಅತ್ತೆಯ ಬಾಯಿಂದ ಒಂದು ‘ಆಮೆನ್’ ಹೊರಡಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ! ಹೀಗೆಂದ ಮಾತ್ರಕ್ಕೆ ಅವರನ್ನು ದೇವರು ದಿಂಡರಿಲ್ಲದ ಹೆಂಗಸು ಅಂದುಕೊಂಡೀರಿ, ಕೆಟ್ಟೀರಿ. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವ ಮುಂಚೆಯೇ ಗಂಜಿ ಹಾಕಿದ ಬಿಳಿ ಸೀರೆಯುಟ್ಟು ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಯಾಕೆ ಗೊತ್ತೆ? ಗಂಟೆ ಹೊಡೆಯುವವನಿಗೆ ತಡವಾಯಿತೆಂದು ಬಯ್ಯಲು. ಭಕ್ತಿಯೇನೋ ಹೊರೆಗಟ್ಟಲೆ ಇತ್ತು, ಆದರೆ ಆಮೆನ್ ಮಾತ್ರ ಬಿಟ್ಟಿ ಸಿಗುತ್ತಿರಲಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ನಾವಿದ್ದದ್ದು ಅಲಸೂರಿನಲ್ಲಿ. ಈಗಿನವರು ಹಲಸೂರು ಎಂದು ಶುದ್ಧವಾಗಿ ಬರೆಯುತ್ತಾರೆ, ದಂಡಿನವರ, ಅಂದರೆ ಕಂಟೋನ್ಮೆಂಟಿನವರ, ಬಾಯಲ್ಲಿ ಅದು ಎಂದೂ ಅಲಸೂರೇ. ಮನೆಯಲ್ಲಿ ನಾನು, ನನ್ನ ಅಮ್ಮ, ಅತ್ತೆ, ಇಷ್ಟೇ ಜನ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಮೆಷೀನು ಹೊತ್ತುಕೊಂಡು ಅಣ್ಣನ ಮನೆಗೆ ಬಂದರು. ಅಣ್ಣನೂ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆ ಅಲ್ಲೇ ಉಳಿದರು. ಯಾಕೆ ಉಳಿದರು ಎಂದು ಯಾರಾದರೂ ಕೇಳಿದರೆ ನಾನು, ಜಗಳವಾಡಲು ಎಂದು ಹೇಳುತ್ತಿದ್ದೆ. ಅಮ್ಮನಿಗೂ ಅತ್ತೆಗೂ ಒಂದು ದಿನ ಸರಿಹೋದದ್ದನ್ನು ನಾನು ಕಾಣೆ. ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತು, ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲಿಲ್ಲ, ಕೋಳಿಗೆ ಕಾಳು ಹಾಕಿದವರು ಯಾರು, ಮೊಟ್ಟೆ ತಿಂದವರು ಯಾರು, ಎಲ್ಲಕ್ಕೂ ಜಗಳವೇ. ನಾನು ವಿಮಾನದ ಕಾರ್ಖಾನೆಯಲ್ಲಿ ತಗಡಿಗೆ ರಿವೆಟ್ ಹೊಡೆಯುತ್ತಿದ್ದೆ. ಸಂಜೆ ಮನೆಗೆ ಬಂದು ಕೂತರೆ ಕಾರ್ಖಾನೆಯೇ ಎಷ್ಟೋ ವಾಸಿ ಅನ್ನಿಸುತ್ತಿತ್ತು!

ಆಮೆನ್ ವಿಷಯಕ್ಕೆ ಬರುತ್ತೇನೆ. ನಮ್ಮ ಪದ್ಧತಿಯಲ್ಲಿ ಒಬ್ಬರು ಎಲ್ಲರ ಪರವಾಗಿ ಪ್ರಾರ್ಥನೆ ಮಾಡುತ್ತಾರೆ, ಮುಗಿದ ಕೂಡಲೇ ಮಿಕ್ಕವರೆಲ್ಲ ಒಟ್ಟಿಗೆ ‘ಆಮೆನ್’ ಅನ್ನುತ್ತಾರೆ. ಹಾಗೇ ಆಗಲಿ ಎಂದು ಅದರ ಅರ್ಥ. ಲೋಕದಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಅರ್ಧ ಜನ ನಿದ್ದೆಯಲ್ಲಿ ಅನ್ನುತ್ತಾರೆ, ಮಿಕ್ಕರ್ಧ ಜನ ಎದ್ದ ಸಂತೋಷಕ್ಕೆ ಅನ್ನುತ್ತಾರೆ. ನಮ್ಮ ಅತ್ತೆಯದು ಮಾತ್ರ ಬೇರೆಯೇ ವೇದಾಂತ.

“ಹಾಗೇ ಆಗಲಿ ಅನ್ನೋಕ್ ಮುಂಚೆ ಏನಾಗ್ಲಿ ಅಂತ ಗೊತ್ತಿರ್ಬೇಕಲ್ವೇನೋ?” ಎಂದು ನನ್ನನ್ನು ಕೇಳುತ್ತಿದ್ದರು. “ಅವರು ಅಲಸೂರು ಕೆರೆ ಒಡ್ದು ನಮ್ಮನೆ ಕೊಚ್ಕೊಂಡು ಹೋಗ್ಲಿ ಅಂದಿದ್ರೆ? ಅದಕ್ಕೂ ನಾನು ಹೂಂ ಅನ್ಬೇಕಾ?”

ಯಾವ ಅಯ್ಯನವರು ಹಾಗೆ ಪ್ರಾರ್ಥನೆ ಮಾಡುತ್ತಾರೆ ಎಂದು ವಾದಿಸುವಷ್ಟು ಧೈರ್ಯ ನನಗೆ ಇರಲಿಲ್ಲ. (ಪಾದ್ರಿಗಳನ್ನು ನಾವು ಅಯ್ಯನವರು ಎನ್ನುವುದು.)

ಒಮ್ಮೆ ಬ್ಲಾಕ್‌ಪಳ್ಳಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ದೂರದ ನೆಂಟರೊಬ್ಬರ ಮದುವೆಯೂಟ. ಎಲೆಯ ಮೇಲೆ ಬಿರಿಯಾನಿ ಬಂದು ಕೂತಿದೆ. ಮಾರ್ಕೆಟ್ಟಿನ ಮಟನ್ನು, ಅದರ ವಾಸನೆಗೇ ಹೊಟ್ಟೆ ಕೈಕಾಲು ಬಡಿಯುತ್ತಿದೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಹುಡುಗಿಯ ಚಿಕ್ಕಪ್ಪ ಮಾಡಬೇಕು. ದೊರೆಗಳ ಆಫೀಸಿನಲ್ಲಿ ದುಡಿದು ಪೆನ್ಷನ್ ಪಡೆದವರು, ಕೋಟಿನ ಗುಂಡಿ ಹಾಕಿಕೊಂಡೇ ಮಲಗುವವರು ಎಂದು ಪ್ರತೀತಿ. ಅವರು ಎದ್ದು ನಿಂತು ಇಂಗ್ಲಿಷಿನಲ್ಲಿ ಶುರುಮಾಡಿದರು. ಅದೇನು ಪ್ರಾರ್ಥನೆಯೋ ಸರ್ಕಾರಕ್ಕೆ ಬರೆದ ಅರ್ಜಿಯೋ! ಕೊನೆಗೂ ಮುಗಿಯಿತು. ಎಲ್ಲರೂ ಆಮೆನ್ನಿಗೆ ಉಸಿರೆಳೆದುಕೊಂಡರು. ಅಷ್ಟರಲ್ಲಿ ಅತ್ತೆ ಕೈಯೆತ್ತಿ, ದೇವರ ಹತ್ತಿರ ಏನು ಕೇಳಿಕೊಂಡಿರಿ ಎಂದರು.

ಚಿಕ್ಕಪ್ಪ ತಬ್ಬಿಬ್ಬಾಗಿ, ಊಟ ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ ಎಂದರು. ಬರೀ ಊಟಕ್ಕೆ ಅಷ್ಟುದ್ದ ಹೇಗಾಯಿತು ಎಂದು ಅತ್ತೆ ಮರುಪ್ರಶ್ನೆ ಹಾಕಿದರು. ವಿಚಾರಣೆಯಲ್ಲಿ ಒಂದೊಂದೇ ಹೊರಬಿತ್ತು: ಚಕ್ರವರ್ತಿಯ ಆರೋಗ್ಯವನ್ನೂ ಕೇಳಿಕೊಂಡಿದ್ದರಂತೆ, ಯುದ್ಧದಲ್ಲಿ ಜಯವನ್ನೂ ಕೇಳಿದ್ದರಂತೆ, ತಮ್ಮ ಮಗನಿಗೆ ಪ್ರಮೋಷನ್ನನ್ನೂ ನಡುವೆ ತೂರಿಸಿದ್ದರಂತೆ! ಎಲ್ಲವನ್ನೂ ನಮಗೆ ತಿಳಿಯುವ ಹಾಗೆ ಇನ್ನೊಂದು ಸಲ ಹೇಳಿ ಎಂದು ಅತ್ತೆ ಪಟ್ಟು ಹಿಡಿದರು. ಪಾಪ, ಅವರಿಗೆ ಕನ್ನಡದಲ್ಲಿ ಪ್ರಾರ್ಥನೆ ಬಾರದು. ಬೆವರೊರೆಸಿಕೊಂಡು, ದಂಡಿನಲ್ಲಿ ಎಲ್ಲರಿಗೂ ತಿಳಿಯುವ ತಮಿಳಿನಲ್ಲಿ ಹೇಳಿದರು. ಅತ್ತೆ ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿ, ಪ್ರಮೋಷನ್ನಿಗೂ ಸೇರಿಸಿ, ಧಾರಾಳವಾಗಿ ಆಮೆನ್ ಅಂದರು. ಪಕ್ಕದಲ್ಲಿದ್ದ ಒಬ್ಬಾಕೆ, ಕನ್ನಡದವರಾಗಿ ತಮಿಳಿಗೆ ಒಪ್ಪಿಬಿಟ್ಟಿರಲ್ಲ ಎಂದು ಕೊಂಕಾಡಿದಳು.

“ನಾನು ಯಾವ ಭಾಷೆ ಅಂತ ಕೇಳ್ಲಿಲ್ಲಮ್ಮಾ, ಏನು ಅಂತ ಕೇಳ್ದೆ” ಎಂದು ಅತ್ತೆ ಎಲೆಗೆ ಕೈಹಾಕಿದರು. ಅಷ್ಟು ಹೊತ್ತಿಗೆ ಬಿರಿಯಾನಿಯ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು.

ಇಂಥ ಅತ್ತೆ ಇರುವ ನಮ್ಮ ಚರ್ಚಿನ ಸಭೆಗೆ ಹೊಸ ಅಯ್ಯನವರು ಬಂದರು ನೋಡಿ, ಅಲ್ಲಿಂದ ಕಥೆ.

ನಮ್ಮದು ಸಣ್ಣ ಕನ್ನಡ ಸಭೆ. ದಂಡಿನಲ್ಲಿ ತಮಿಳಿನವರ ಆರಾಧನೆಗೆ, ಇಂಗ್ಲಿಷಿನವರ ಆರಾಧನೆಗೆ ಜನ ಕಿಕ್ಕಿರಿಯುತ್ತಿದ್ದರು, ನಾವು ಕೆಲವೇ ಮನೆಯವರು. ಚರ್ಚಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೆಂಗಸರ ಮೊದಲ ಬೆಂಚಿನಲ್ಲಿ ಅತ್ತೆ. ಅತ್ತೆ ಆಮೆನ್ ಅಂದರೆ ಹಿಂದಿನವರೆಲ್ಲ ಅನ್ನುತ್ತಿದ್ದರು, ಅತ್ತೆ ಸುಮ್ಮನಿದ್ದರೆ ಅವರೂ ಸುಮ್ಮನೆ. ಹಳೆಯ ಅಯ್ಯನವರು ಜಗುಲಿಯ ಮೇಲೆ ಕೂತು ಮಾತಾಡುವಂತೆ ಪ್ರಾರ್ಥನೆ ಮಾಡುತ್ತಿದ್ದರು, ಹಾಗಾಗಿ ತೊಂದರೆಯಿರಲಿಲ್ಲ. ಅವರು ನಿವೃತ್ತರಾಗಿ, ಸೆಮಿನರಿಯಲ್ಲಿ ಎಲ್ಲರಿಗಿಂತ ಮೇಲೆ ಪಾಸಾದ ಒಬ್ಬ ತರುಣರು ಬಂದರು. ಸಣಕಲು ಮೈ, ದಪ್ಪ ಕನ್ನಡಕ, ತಂದೆತಾಯಿ ಇಲ್ಲದೆ ಹಾಸ್ಟೆಲಿನಲ್ಲಿ ಬೆಳೆದವರು. ಅವರಿಗೆ ಒಂದು ವರ್ಷದ ಪರೀಕ್ಷೆ. ವರ್ಷದ ಕೊನೆಗೆ, ಸುತ್ತಲಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಅಯ್ಯನವರು ಬಂದು, ಇವರು ನಿಮಗೆ ಬೇಕೋ ಬೇಡವೋ ಎಂದು ಸಭೆಯನ್ನು ಕೇಳುತ್ತಾರೆ. ಬೇಕು ಅಂದರೆ ದೀಕ್ಷೆ ಸಿಗುತ್ತದೆ, ಇಲ್ಲೇ ಉಳಿಯುತ್ತಾರೆ. ಬೇಡ ಅಂದರೆ ಪೆಟ್ಟಿಗೆ ಕಟ್ಟಬೇಕು, ಪಾದ್ರಿಯಾಗುವ ಆಸೆಯನ್ನೂ ಬಿಡಬೇಕು. ಬೇರೆ ಮನೆ ಮಠ ಇಲ್ಲದ ಆ ಹುಡುಗನಿಗೆ ಅಲಸೂರಿನ ನಮ್ಮ ಹತ್ತಾರು ಬೆಂಚುಗಳೇ ಗತಿ.

ಮೊದಲ ಭಾನುವಾರ. ಅವರು ಎರಡು ಕೈಯನ್ನೂ ಚಾಚಿ, ನಡುಗುವ ದನಿಯಲ್ಲಿ ಆರಂಭಿಸಿದರು: “ಹೇ ಸರ್ವಜ್ಞನೂ ಸರ್ವಾಂತರ್ಯಾಮಿಯೂ ಅಪಾರಕರುಣಾಪೂರಿತನೂ ಆದ ಪರಾತ್ಪರನೇ, ತ್ವದೀಯ ಚರಣಾರವಿಂದಗಳಲ್ಲಿ ಪ್ರಣಿಪಾತಗೈಯುತ್ತಿರುವ ಈ ಅಕಿಂಚನರ ಅಭ್ಯರ್ಥನೆಯನ್ನು ಅವಧರಿಸು!”

ಸಭೆಯ ಹಾಡಿಗೆ ಹಾರ್ಮೋನಿಯಂ ನುಡಿಸುವವನು ನಾನು, ಅದರ ಹಿಂದೆ ಕೂತಿದ್ದೆ. ಅತ್ತೆಯ ಹುಬ್ಬು ಮೇಲೇರಿದ್ದು ಕಾಣಿಸಿತು. ಮುಗಿಯಿತು ಇವರ ಕಥೆ ಅಂದುಕೊಂಡೆ. ಪ್ರಾರ್ಥನೆ ಕೊನೆಗೆ ಬಂತು. ಮೌನ. ಅವತ್ತು ಮೊದಲ ದಿನವಲ್ಲವೇ, ಗಂಡಸರೂ ಯಾರು ಮೊದಲು ಅನ್ನಲಿ ಎಂದು ಕಾದರು. ಅಯ್ಯನವರು ಒಂದು ಕಣ್ಣು ತೆರೆದು ನೋಡಿದರು. ಸಭೆ ತಲೆ ಬಗ್ಗಿಸಿಯೇ ಇದೆ. ಪ್ರಾರ್ಥನೆ ಇವರಿಗೆ ಸಾಲದು, ಎಂಥ ಭಕ್ತರಪ್ಪ ಅಂದುಕೊಂಡರೋ ಏನೋ, ಮುಂದುವರಿಸಿದರು! ಮತ್ತೆ ಮುಗಿಸಿದರು. ಮತ್ತೆ ಮೌನ. ಮತ್ತೆ ಮುಂದುವರಿಸಿದರು. ಒಂದೊಂದು ಸಲವೂ ಸಮಾಸಗಳು ಉದ್ದವಾಗುತ್ತ ಹೋದವು. ಮೊಣಕಾಲೂರಿದ್ದ ಮುದುಕರು ನರಳತೊಡಗಿದರು. ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನನ್ನ ಪಾದಕ್ಕೆ ಬಂತು. ಅಯ್ಯನವರ ಗಂಟಲು ಒಣಗಿ ದನಿ ಕೀರಲಾಯಿತು. ನನಗೆ ಕನಿಕರ ಹುಟ್ಟಿ, ಆದದ್ದಾಗಲಿ ಎಂದು ಹಾರ್ಮೋನಿಯಂ ಒತ್ತಿಬಿಟ್ಟೆ. ಸಭೆ ದಡಬಡನೆ ಎದ್ದು ಹಾಡು ಹಿಡಿಯಿತು. ನಮ್ಮಲ್ಲಿ ಅಷ್ಟು ಕೃತಜ್ಞತೆಯಿಂದ ಯಾವ ಹಾಡನ್ನೂ ಹಾಡಿದ್ದಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಸಭೆಯ ಹಿರಿಯರು ಅತ್ತೆಯನ್ನು ಸುತ್ತುವರಿದರು. ಹೊಸಬರಿಗೆ ಹೀಗೆ ಅವಮಾನ ಮಾಡಬಹುದೇ, ದೇವರ ಕೆಲಸಕ್ಕೆ ಅಡ್ಡ ಬರಬಹುದೇ ಎಂದು ಒಬ್ಬೊಬ್ಬರಾಗಿ ಕೇಳಿದರು. ಅತ್ತೆ ಕೋಪಿಸಿಕೊಳ್ಳಲಿಲ್ಲ. ಆ ಪ್ರಾರ್ಥನೆಯಲ್ಲಿ ಏನೇನಿತ್ತು, ಒಂದು ಮಾತಾದರೂ ಹೇಳಿ, ಈಗಲೇ ಇಲ್ಲೇ ಆಮೆನ್ ಅಂದುಬಿಡುತ್ತೇನೆ ಎಂದರು. ಹಿರಿಯರಲ್ಲೊಬ್ಬರು, ಪಾದದ ವಿಷಯ ಏನೋ ಬಂತು ಎಂದರು. ಇನ್ನೊಬ್ಬರಿಗೆ ಜಟಕಾ ಕಾಯುತ್ತಿತ್ತು.

ಅಂದಿನಿಂದ ಭಾನುವಾರ ಭಾನುವಾರವೂ ಇದೇ ಆಯಿತು. ಗಂಡಸರು ಮಾತ್ರ ಆಮೆನ್ ಅನ್ನುವರು, ಅದೂ ಕಳ್ಳರ ಹಾಗೆ. ಹೆಂಗಸರ ಬೆಂಚುಗಳು ಗೋಡೆಯಂತೆ ಕೂತಿರುವುವು. ಸುದ್ದಿ ದೊಡ್ಡ ಅಯ್ಯನವರ ಕಿವಿಗೂ ಬಿತ್ತಂತೆ. ನಮ್ಮ ಸಣಕಲು ಅಯ್ಯನವರು ಇನ್ನಷ್ಟು ಸಣಕಲಾದರು. ಅವರಿಗೆ ಕಾರಣ ತಿಳಿಯದು. ಇನ್ನೂ ಚೆನ್ನಾಗಿ ಮಾಡಬೇಕೆಂದು ಹಟಹಿಡಿದು ನಿಘಂಟು ಓದಿ ಬರುತ್ತಿದ್ದರು, ಬೆಂಕಿ ಆರಿಸಲು ಸೀಮೆಣ್ಣೆ ಸುರಿದ ಹಾಗೆ.

ಇದರ ನಡುವೆ ಜಟಕಾ ಪ್ರಸಂಗ ಬೇರೆ. ಒಂದು ದಿನ ಅಯ್ಯನವರು ದಂಡಿನ ರೈಲ್ವೆ ಸ್ಟೇಷನ್ನಿನಿಂದ ಜಟಕಾ ಹತ್ತಿ, ತಮ್ಮನ್ನು ಎಲ್ಲಿಗೆ ಕೊಂಡೊಯ್ಯಬೇಕೆಂದು ಗಾಡಿಯ ಸಾಬಿಗೆ ತಮ್ಮ ಶೈಲಿಯಲ್ಲಿ ಅಪ್ಪಣೆ ಕೊಡಿಸಿದ್ದಾರೆ. ದಾರಿಯುದ್ದಕ್ಕೂ ಲೋಕದ ಅನಿತ್ಯತೆಯ ಬಗ್ಗೆಯೂ ಎರಡು ಮಾತಾಡಿದ್ದಾರೆ. ಸಾಬು ಎಲ್ಲವನ್ನೂ ಗೌರವದಿಂದ ಕೇಳಿಸಿಕೊಂಡು, ನೇರವಾಗಿ ತಂದು ಅಲಸೂರಿನ ಈಶ್ವರನ ದೇವಸ್ಥಾನದ ಗೋಪುರದ ಮುಂದೆ ಇಳಿಸಿಬಿಟ್ಟ! ಇಂಥಾ ಮಾತಾಡೋರು ಇನ್ನೆಲ್ಲಿಗೆ ಹೋಗ್ತಾರೆ ಎಂದು ಆಮೇಲೆ ನನಗೇ ಹೇಳಿದ. ಅಲ್ಲಿಯ ಅರ್ಚಕರಿಗೋ, ಇವರ ಮಾತು ಕೇಳಿ ಪರಮಾನಂದ. ಕೂರಿಸಿಕೊಂಡು ಹೊತ್ತು ಮುಳುಗುವವರೆಗೂ ಮಾತಾಡಿ, ಬಾಳೆಹಣ್ಣು ಕೊಟ್ಟು ಕಳುಹಿಸಿದರು. ಅಯ್ಯನವರು ಹಣ್ಣಿನ ಚಿಪ್ಪು ಹಿಡಿದುಕೊಂಡು ನಡೆದು ಬರುವುದನ್ನು ಅತ್ತೆ ಜಗುಲಿಯಿಂದ ನೋಡಿದರು. ನಮ್ಮೂರಲ್ಲಿ ಇವರ ಮಾತಿಗೆ ತಲೆದೂಗಿದವರು ಆ ಅರ್ಚಕರೊಬ್ಬರೇ ಅಂತಾಯಿತು ಎಂದು ಅಮ್ಮ ಒಳಗಿಂದ ಅಂದರು. ಅತ್ತೆಗೆ ನಗು ಬಂತು, ಅಮ್ಮನ ಮಾತಿಗೆ ನಗಬಾರದೆಂದು ಸೆರಗು ಬಾಯಿಗೆ ಅಡ್ಡ ಹಿಡಿದರು.

ಅದಾದ ಮೇಲೆ ಬಂದ ಶನಿವಾರ ಅಯ್ಯನವರು ನಮ್ಮ ಮನೆಯ ಬಾಗಿಲಿಗೇ ಬಂದರು. ಹುಲಿಯ ಗುಹೆಗೆ! ಅತ್ತೆ ಹಜಾರದಲ್ಲಿ ಮೊರ ಇಟ್ಟುಕೊಂಡು ರೇಷನ್ ಅಕ್ಕಿ ಆರಿಸುತ್ತಿದ್ದರು. ಆ ಕಾಲದ ರೇಷನ್ ಅಕ್ಕಿ ನೀವು ಕಂಡಿಲ್ಲ. ಅದರಲ್ಲಿ ಅಕ್ಕಿ ಹುಡುಕಬೇಕಾಗಿತ್ತು, ಕಲ್ಲು ತಾನಾಗಿ ಸಿಗುತ್ತಿತ್ತು. ಅಯ್ಯನವರು ಚಾಪೆಯ ತುದಿಯಲ್ಲಿ ಕೂತು, ತಾವು ತಾಳಿದ ಮೌನಕ್ಕೆ ಹೇತುವೇನೆಂದು ಅರಿಯಲು ಆಗಮಿಸಿದ್ದೇನೆ ಎಂದರು. ಅತ್ತೆ ಮೊರದಿಂದ ಒಂದು ಕಲ್ಲು ತೆಗೆದು ಅವರ ಮುಂದೆ ತಟ್ಟೆಯಲ್ಲಿ ಇಟ್ಟರು. ಇದೇನೆಂದು ಅವರು ಕೇಳಿದಾಗ, ನನಗೆ ತಿಳಿಯದ ಒಂದೊಂದು ಮಾತಿಗೂ ಒಂದೊಂದು ಕಲ್ಲು, ಈಗ ನಾಳೆ ಚರ್ಚಿನಲ್ಲಿ ಮಾಡುವ ಪ್ರಸಂಗವನ್ನು ಹೇಳಿ ನೋಡೋಣ ಎಂದರು.

ಅಯ್ಯನವರು ಹೇಳುತ್ತ ಹೋದರು, ಅತ್ತೆ ಇಡುತ್ತ ಹೋದರು. ಪ್ರಸಂಗ ಅರ್ಧಕ್ಕೆ ಬರುವಷ್ಟರಲ್ಲಿ ಮೊರದಲ್ಲಿ ಕಲ್ಲು ಮುಗಿಯಿತು! ಅಮ್ಮ ಅಡಿಗೆಮನೆಯಿಂದ ಬಗ್ಗಿ ನೋಡಿ, ದಿನಾ ಬರಹೇಳು, ಅಕ್ಕಿ ಆರಿಸುವ ಕೆಲಸ ಬೇಗ ಮುಗಿಯುತ್ತೆ ಅಂದರು.

ಅಯ್ಯನವರ ಮುಖ ಕೆಂಪಾಯಿತು. ಮೊದಲ ಬಾರಿಗೆ ಅವರ ಬಾಯಿಂದ ನೆಟ್ಟಗೆ ಮಾತು ಬಂತು. “ಕಲೆಕ್ಟರ ಮುಂದೆ ಹೋಗೋವಾಗ ಒಳ್ಳೇ ಬಟ್ಟೆ ಹಾಕ್ಕೋತೀವಿ. ದೇವರ ಮುಂದೆ ಸಂತೆ ಮಾತಾಡೋದಾ ಅಮ್ಮ?”

ಅದು ಸುಳ್ಳಲ್ಲ, ನನಗೂ ಸರಿಯೆನಿಸಿತು. ಆ ಹುಡುಗ ಜಂಬಕ್ಕೆ ಹಾಗೆ ಮಾತಾಡುತ್ತಿರಲಿಲ್ಲ. ತನ್ನ ಹತ್ತಿರ ಇದ್ದ ಒಳ್ಳೆಯದನ್ನೆಲ್ಲ ದೇವರಿಗೆ ಉಡಿಸುತ್ತಿದ್ದ. ಅತ್ತೆ ಮೊರ ಕೆಳಗಿಟ್ಟರು. ಜಗಳಕ್ಕೆ ಸೆರಗು ಕಟ್ಟುತ್ತಾರೆ ಅಂದುಕೊಂಡರೆ, ನನಗೂ ಎಂದೂ ಹೇಳದ ಒಂದು ಮಾತು ಹೇಳಿದರು.

“ನಮ್ಮ ಯಜಮಾನ್ರು ದಂಡಿನ ಆಸ್ಪತ್ರೇಲಿ ಕೆಲ್ಸ ಮಾಡ್ತಿದ್ರು. ಅಲ್ಲೇ ತೀರ್ಕೊಂಡ್ರು. ಮಣ್ಣು ಮಾಡೋಕೆ ದೊರೆ ಪಾದ್ರಿ ಬಂದಿದ್ರು. ತುಂಬಾ ಒಳ್ಳೇವ್ರು. ಇಂಗ್ಲಿಷಲ್ಲಿ ಬಹಳ ಹೊತ್ತು ಪ್ರಾರ್ಥನೆ ಮಾಡಿದ್ರು, ಅವರ ಕಣ್ಣಲ್ಲೂ ನೀರಿತ್ತು. ಮುಗಿಸಿ ನನ್ನ ಮುಖ ನೋಡಿದ್ರು. ನಾನು ಆಮೆನ್ ಅಂದೆ. ನನ್ನ ಗಂಡನ ಬಗ್ಗೆ ಏನ್ ಹೇಳಿದ್ರು, ಅವರು ಎಲ್ಲಿದಾರೆ ಅಂದ್ರು, ನಾನು ಹೆಂಗ್ ಬದುಕ್ಲಿ ಅಂದ್ರು, ಒಂದೂ ಗೊತ್ತಿಲ್ಲ. ಈಗ್ಲೂ ಗೊತ್ತಿಲ್ಲ ಕಣಪ್ಪಾ.”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಯ್ಯನವರು ಮೊರವನ್ನು ತಮ್ಮ ಕಡೆ ಎಳೆದುಕೊಂಡು ಅಕ್ಕಿ ಆರಿಸತೊಡಗಿದರು. ಅಮ್ಮ ಮೂರು ಲೋಟ ಕಾಫಿ ತಂದಿಟ್ಟರು. ಅತ್ತೆಯ ಲೋಟಕ್ಕೆ ಅವತ್ತು ಸಕ್ಕರೆ ಹೆಚ್ಚು ಹಾಕಿದ್ದರು. ಸಕ್ಕರೆಯೂ ರೇಷನ್ನೇ, ನೆನಪಿರಲಿ. ಅದಕ್ಕೂ ಅತ್ತೆ, ಇದೇನು ಪಾಯಸವೇ ಎಂದು ಜಗಳ ತೆಗೆದರು.

ಆಮೇಲೆ ಶನಿವಾರ ತಪ್ಪದೆ ಅಯ್ಯನವರು ಬಂದರು. ತಟ್ಟೆಯ ಕಲ್ಲು ಕಡಿಮೆಯಾಗುತ್ತ ಬಂತು. ಸುಲಭವಾಗಿ ಆಯಿತು ಅಂದುಕೊಳ್ಳಬೇಡಿ. ‘ಅನುಗ್ರಹಿಸು’ ಎಂಬುದನ್ನು ‘ಕೊಡು’ ಮಾಡುವುದಕ್ಕೆ ಆ ಮನುಷ್ಯ ಪಟ್ಟ ಪಾಡು, ಹಲ್ಲು ಕೀಳಿಸಿಕೊಳ್ಳುವವನೂ ಪಡಲಾರ! ಕೊಡು ಎಂದರೆ ದೇವರಿಗೆ ಸಿಟ್ಟು ಬಂದೀತೇನೋ ಎಂದು ಕೇಳುತ್ತಿದ್ದರು. ಮಕ್ಕಳು ಅಪ್ಪನನ್ನು ಇನ್ನು ಹೇಗೆ ಕೇಳುತ್ತವೆ ಎಂದು ಅತ್ತೆ ಹೇಳುತ್ತಿದ್ದರು. ಇವರಿಗೆ ಅಪ್ಪನನ್ನು ಕೇಳಿ ಗೊತ್ತಿರಲಿಲ್ಲ. ಅದು ನೆನಪಾಗಿ ಅತ್ತೆ ಮಾತು ಬದಲಾಯಿಸಿ, ಊಟ ಮಾಡಿಕೊಂಡು ಹೋಗಿ ಎಂದು ಎಬ್ಬಿಸಿದರು.

ತಟ್ಟೆಗೆ ಒಂದು ಕಲ್ಲೂ ಬೀಳದ ಶನಿವಾರ ಕಳೆದು ಬಂತು ಆ ಭಾನುವಾರ. ಅಯ್ಯನವರು ಕೈ ಚಾಚಲಿಲ್ಲ, ಜೋಡಿಸಿಕೊಂಡರು. “ತಂದೆಯೇ, ನಾವು ನಿನ್ನ ಮಕ್ಕಳು. ಕ್ಯೂ ನಿಂತವರಿಗೆ ಅಕ್ಕಿ ಸಿಗಲಿ. ಯುದ್ಧಕ್ಕೆ ಹೋದ ಹುಡುಗರು ಮನೆಗೆ ಬರಲಿ. ಬಾರದವರ ತಾಯಂದಿರ ಹತ್ತಿರ ನೀನೇ ಬಂದು ಕೂತುಕೋ” ಎಂದರು. ಅಷ್ಟೇ. ಹೆಂಗಸರ ಬೆಂಚಿನಲ್ಲಿ ಒಂದು ಬಿಕ್ಕಿನ ಸದ್ದು. ಆಮೇಲೆ ಅತ್ತೆಯ ಆಮೆನ್! ಅಬ್ಬಾ, ತಿಂಗಳುಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಒಟ್ಟಿಗೆ ಬಿಟ್ಟರು. ಹಿಂದೆ ಎಲ್ಲ ಹೆಂಗಸರೂ ಅಂದರು. ಸೂರಿನಲ್ಲಿದ್ದ ಪಾರಿವಾಳಗಳು ಹಾರಿದವು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಸೋಲ್ಜರುಗಳು ಸೈಕಲ್ ನಿಲ್ಲಿಸಿ ಇಣುಕಿದರು. ಅಯ್ಯನವರು ಪೀಠದ ಅಂಚನ್ನು ಹಿಡಿದುಕೊಂಡು ನಿಂತರು, ಇಲ್ಲದಿದ್ದರೆ ಬೀಳುತ್ತಿದ್ದರೇನೋ. ನಾನು ಹಾರ್ಮೋನಿಯಮ್ಮನ್ನು ಗೆದ್ದ ಸೈನ್ಯದ ಬ್ಯಾಂಡಿನಂತೆ ಬಾರಿಸಿದೆ.

ಗೆದ್ದ ಮೇಲೆ ಅಯ್ಯನವರಿಗೆ ಧೈರ್ಯ ವಿಪರೀತವಾಯಿತು. ಎಲ್ಲರಿಗೂ ಅರ್ಥವಾಗಲೆಂದು ಮನೆಮನೆಯ ವಿಷಯವನ್ನೂ ಹೆಸರು ಹಿಡಿದು ಪ್ರಾರ್ಥಿಸತೊಡಗಿದರು. ಒಂದು ದಿನ, ನಮ್ಮ ಹಾರ್ಮೋನಿಯಂ ನುಡಿಸುವ ತಮ್ಮನಿಗೆ ತಾಳ ಗೊತ್ತಾಗುವ ಹಾಗೆ ಮಾಡು ತಂದೆಯೇ ಎಂದುಬಿಟ್ಟರು. ಆವತ್ತು ಬಿದ್ದಷ್ಟು ಜೋರಾದ ಆಮೆನ್ ಆ ಚರ್ಚಿನಲ್ಲಿ ಎಂದೂ ಬಿದ್ದಿಲ್ಲ. ಅದರಲ್ಲಿ ನನ್ನ ಅಮ್ಮನದೂ ಇತ್ತು!

ದೊಡ್ಡ ಅಯ್ಯನವರು ಬರುವ ದಿನ ಹತ್ತಿರವಾಯಿತು. ಅತ್ತೆ ಎದ್ದುನಿಂತು ಏನು ಹೇಳಬೇಕೆಂದು ದಿನವೂ ಅಭ್ಯಾಸ ಮಾಡುತ್ತಿದ್ದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದವರು ಹಾಗೇ ಕುಸಿದರು. ಲಕ್ವ ಹೊಡೆದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಆದರೆ ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಮಾತು ಹೊರಡುತ್ತಿತ್ತು, ಆದರೆ ಒಂದಕ್ಕೊಂದು ಅಂಟಿಕೊಂಡ ಮುದ್ದೆಯಾಗಿ ಹೊರಡುತ್ತಿತ್ತು. ಅರ್ಥವಾಗದ ಮಾತಿಗೆ ಊರನ್ನೇ ನಿಲ್ಲಿಸಿದ ಹೆಂಗಸಿನ ಮಾತು ಯಾರಿಗೂ ಅರ್ಥವಾಗದೆ ಹೋಯಿತು. ನನಗೆ ದೇವರ ಮೇಲೆ ಬಹಳ ಸಿಟ್ಟು ಬಂತು, ಈಗಲೂ ಪೂರ್ತಿ ಇಳಿದಿಲ್ಲ.

ಅತ್ತೆಯ ಮಾತು ತಿಳಿಯುತ್ತಿದ್ದುದು ಅಮ್ಮನೊಬ್ಬರಿಗೇ. ಗಂಜಿ ತಿನ್ನಿಸುತ್ತಿದ್ದರೆ ಅತ್ತೆ ಏನೋ ಗೊರಗೊರ ಅನ್ನುವರು, ಉಪ್ಪು ಸರಿಯಾಗೇ ಇದೆ, ಸುಮ್ಮನೆ ನುಂಗು ಎಂದು ಅಮ್ಮ ತಿರುಗಿ ಹೇಳುವರು. ಅಷ್ಟು ವರ್ಷ ಎಡೆಬಿಡದೆ ಜಗಳವಾಡಿದವರಿಗೆ ಅರ್ಥವಾಗದ ಮಾತು ಯಾವುದಿದ್ದೀತು? ಅಯ್ಯನವರೂ ದಿನವೂ ಬಂದು ಹಾಸಿಗೆಯ ಪಕ್ಕ ಕೂತು, ಅತ್ತೆಯ ತುಟಿಯನ್ನೇ ನೋಡುತ್ತ, ಒಂದೊಂದಾಗಿ ಮಾತು ಬಿಡಿಸಿಕೊಳ್ಳುವುದನ್ನು ಕಲಿತರು.

ದೊಡ್ಡ ಅಯ್ಯನವರು ಬರುವ ಭಾನುವಾರ ಅತ್ತೆ ಮನೆಯಲ್ಲಿ ನಿಲ್ಲಲಿಲ್ಲ. ಜಟಕಾದಲ್ಲಿ ಕೂರಿಸಿ, ನಾನೂ ಅಮ್ಮನೂ ಹಿಡಿದುಕೊಂಡು ತಂದು ಮೊದಲ ಬೆಂಚಿಗೆ ಕೂರಿಸಿದೆವು. ಆರಾಧನೆ ಮುಗಿಯಿತು. ದೊಡ್ಡ ಅಯ್ಯನವರು ಎದ್ದರು, ಬಿಳಿ ಗಡ್ಡದ ಗಂಭೀರ ಮನುಷ್ಯರು. ಹಿರಿಯರು ಒಬ್ಬರನ್ನು ಮಾತಾಡಲು ಸಿದ್ಧಮಾಡಿದ್ದರು. ದೊಡ್ಡ ಅಯ್ಯನವರು ಅವರನ್ನು ಕೂರಿಸಿ, ಇಲ್ಲಿ ಆಮೆನ್ ಅನ್ನದ ಒಬ್ಬ ತಾಯಿ ಇದ್ದಾರೆಂದು ಕೇಳಿದ್ದೇನೆ, ಈ ತರುಣರು ಬೇಕೋ ಬೇಡವೋ ಎಂದು ಅವರೇ ಹೇಳಲಿ ಎಂದರು.

ಅಮ್ಮನ ತೋಳು ಹಿಡಿದು ಅತ್ತೆ ಎದ್ದರು. ದೊಡ್ಡ ಅಯ್ಯನವರಿಗೆ ಉತ್ತರ ಕೊಡಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿಕೊಂಡು, ಕಣ್ಣುಮುಚ್ಚಿ ದೇವರಿಗೇ ಹೇಳತೊಡಗಿದರು. ನಮ್ಮ ಅತ್ತೆ ಎಂದೂ ಕೆಳಗಿನ ಅಧಿಕಾರಿಗಳ ಹತ್ತಿರ ವ್ಯವಹಾರ ಇಟ್ಟುಕೊಂಡವರಲ್ಲ! ಹೇಳಿ ಮುಗಿಸಿದರು. ಹೆಂಗಸರಲ್ಲಿ ಯಾರೂ ಆಮೆನ್ ಅನ್ನಲಿಲ್ಲ. ತಿಳಿಯದ್ದಕ್ಕೆ ಅನ್ನಬಾರದೆಂದು ಅವರಿಗೆ ಕಲಿಸಿದವರು ಅತ್ತೆಯೇ. ದೊಡ್ಡ ಅಯ್ಯನವರು ಮೆಲ್ಲನೆ, ನನಗೆ ಅರ್ಥವಾಗಲಿಲ್ಲವಲ್ಲ ತಾಯಿ ಎಂದರು.

ಆಗ ನಮ್ಮ ಅಯ್ಯನವರು ಪೀಠದಿಂದ ಇಳಿದು ಬಂದು ಅತ್ತೆಯ ಮುಂದೆ ಮೊಣಕಾಲೂರಿದರು. ಇನ್ನೊಂದು ಸಲ ಹೇಳಿ ಅಮ್ಮ, ನಾನು ಹೇಳುತ್ತೇನೆ ಎಂದರು. ಅತ್ತೆ ಒಂದು ಮಾತು ಹೇಳುವುದು, ಅಯ್ಯನವರು ಅದನ್ನು ಸಭೆಗೆ ಜೋರಾಗಿ ಹೇಳುವುದು. “ತಂದೆಯೇ, ನನ್ನನ್ನು ಉಳಿಸಿದ್ದಕ್ಕೆ ಸ್ತೋತ್ರ.” ಅತ್ತೆ ತಲೆಯಾಡಿಸಿದರು. “ಈ ಸಭೆಯ ಮಕ್ಕಳಿಗೆ ಆರೋಗ್ಯವನ್ನು ಅನುಗ್ರಹಿಸು.” ಅತ್ತೆ ಎಡಗೈಯಿಂದ ಅವರ ಭುಜಕ್ಕೆ ಒಂದು ಪೆಟ್ಟು ಕೊಟ್ಟರು. “ಆರೋಗ್ಯ ಕೊಡು” ಎಂದು ತಿದ್ದಿಕೊಂಡರು. ಬೆಂಚುಗಳಲ್ಲಿ ನಗು ಹರಿಯಿತು, ದೊಡ್ಡ ಅಯ್ಯನವರ ಗಡ್ಡವೂ ಅಲುಗಿತು.

ಅತ್ತೆ ಮುಂದಿನ ಮಾತು ಹೇಳಿದರು. ಅಯ್ಯನವರು ಸುಮ್ಮನಾದರು. ಅತ್ತೆ ಮತ್ತೆ ಹೇಳಿದರು. ಅಯ್ಯನವರ ಕಿವಿ ಕೆಂಪಾಯಿತು, ತಲೆ ತಗ್ಗಿತು. ಇದು ನನಗೆ ತಿಳಿಯಲಿಲ್ಲ ಎಂದರು. ಶುದ್ಧ ಸುಳ್ಳು! ದೇವರ ಮನೆಯಲ್ಲಿ ನಿಂತು, ಅಲ್ಲ, ಮೊಣಕಾಲೂರಿ ಸುಳ್ಳು ಹೇಳಿದರು. ಅತ್ತೆ ಕೆರಳಿ ಇನ್ನೂ ಜೋರಾಗಿ ಹೇಳಿದರು. ಕಣ್ಣಿನಿಂದ ನೀರು ಹರಿಯಿತು. ಅಯ್ಯನವರು ಬಾಯಿ ಬಿಡಲಿಲ್ಲ.

ಆಗ ನನ್ನ ಅಮ್ಮ ಬಾಯಿ ತೆರೆದರು. ಚರ್ಚಿನಲ್ಲಿ ಅವರು ಒಂಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಇವಳು ಅಂದಿದ್ದು ನಾನ್ ಹೇಳ್ತೀನಿ. ‘ತಂದೇ, ಈ ಹುಡುಗನ ಮಾತು ನಮಗೆ ತಿಳೀತದೆ. ಇವನನ್ನ ನಮ್ಮಿಂದ ಕಿತ್ಕೋಬೇಡ. ನನ್ನ ಮಣ್ಣು ಮಾಡೋ ದಿನ ಇವನೇ ನಿಂತು ಪ್ರಾರ್ಥನೆ ಮಾಡ್ಲಿ. ಅಲ್ಲಿ ನಿಂತೋರಿಗೆಲ್ಲಾ ಅರ್ಥ ಆಗ್ಲಿ.’ ಇಷ್ಟು ಅಂದ್ಳು.”

ಅತ್ತೆ ಹೌದೆಂದು ತಲೆಯಾಡಿಸಿದರು. ಹೆಂಗಸರು ಉಸಿರೆಳೆದುಕೊಂಡರು. ಆದರೆ ಅಮ್ಮ ಮುಗಿಸಿರಲಿಲ್ಲ. ಅತ್ತೆಯ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದರು.

“ಆದ್ರೆ ಅದಕ್ಕೆ ಅವಸರ ಇಲ್ಲ ತಂದೇ. ಇವಳನ್ನ ಇನ್ನೂ ಬಹಳ ವರ್ಷ ನನ್ನ ಜೊತೇಲೇ ಬಿಡು. ಇವಳಿಲ್ದೆ ಆ ಮನೇಲಿ ನನ್ನ ಕೈಲಿ ಇರಕ್ಕಾಗಲ್ಲ.”

ಇದು ಅತ್ತೆ ಅಂದ ಮಾತಲ್ಲ. ಅತ್ತೆ ಕಣ್ಣು ತೆರೆದು ಅತ್ತಿಗೆಯ ಮುಖ ನೋಡಿದರು, ತಾವು ಅಷ್ಟು ವರ್ಷ ಕಾಣದ ಯಾರನ್ನೋ ನೋಡುವ ಹಾಗೆ ನೋಡಿದರು. ಹೆಂಗಸರೆಲ್ಲ ಅತ್ತೆಯ ಬಾಯನ್ನೇ ನೋಡುತ್ತಿದ್ದರು. ಸೊಟ್ಟ ತುಟಿ ನಡುಗಿತು, ಕೂಡಿತು, ತೆರೆಯಿತು. ಆಮೆನ್ ಅಂದರು. ಸ್ಪಷ್ಟವಾಗಿ ಅಂದರು, ಹಾರ್ಮೋನಿಯಂ ಹಿಂದಿದ್ದ ನನಗೂ ಕೇಳಿಸಿತು. ಆಮೇಲೆ ಹೆಂಗಸರು, ಗಂಡಸರು, ಗಂಟೆ ಹೊಡೆಯುವವನು, ಎಲ್ಲರೂ. ಪ್ರಶ್ನೆ ಕೇಳಿದ್ದ ದೊಡ್ಡ ಅಯ್ಯನವರು ತಮ್ಮ ಪ್ರಶ್ನೆಯನ್ನು ಮರೆತು ಎಲ್ಲರಿಗಿಂತ ಜೋರಾಗಿ ಆಮೆನ್ ಅಂದರು. ನಮ್ಮ ಅಯ್ಯನವರು ಮೊಣಕಾಲಿನ ಮೇಲೆಯೇ ಇದ್ದರು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು.

ಅಮ್ಮ ಸೆರಗಿನ ತುದಿಯಿಂದ ಅತ್ತೆಯ ಬಾಯಿ ಒರೆಸಿ, ಇನ್ನು ಕೂತ್ಕೋ, ಸಾಕು ಎಂದು ಗದರಿದರು.